ಪರದೆ ಮತ್ತು ಸಾರಥಿ: ಆ್ಯಪ್‌ಗಳ ಮುಖವಿನ್ಯಾಸದ ಹೊಸ ತಂತ್ರಗಳು ಹಾಗೂ ಚಿಂಚೋಳಿ ಸೀಮೆಯ ಬಳಕೆದಾರರು

1. ಪೀಠಿಕೆ

ಜಾನಪದ ಅಧ್ಯಯನವು ಹಳ್ಳಿಯ ಹಾಡು, ಕಥೆ, ಗಾದೆ, ಒಗಟುಗಳ ಸಂಗ್ರಹಕ್ಕೆ ಮಾತ್ರ ಸೀಮಿತವೆಂಬ ಭಾವನೆ ಹಿಂದಾಗಿ ಹಲವು ದಶಕಗಳು ಕಳೆದಿವೆ. ಒಂದಾದರೂ ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು 'ಜನಪದ'ವೆನಿಸಬಲ್ಲದು ಎಂಬ ಅಲನ್ ಡಂಡೆಸ್ ಅವರ ನಿಲುವನ್ನು ಕನ್ನಡದ ವಿದ್ವಾಂಸರೂ ಬಹುಮಟ್ಟಿಗೆ ಒಪ್ಪಿಕೊಂಡಿದ್ದಾರೆ. ಡಂಡೆಸ್ ಅವರು ಕಾರ್ಲ್ ಪ್ಯಾಗ್ಟರ್ ಅವರೊಡನೆ ಸೇರಿ 1975ರಲ್ಲಿಯೇ ಕಚೇರಿಗಳ ಕಾಗದಪತ್ರಗಳ ಜಾನಪದವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಆ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರೆ ಮೊಬೈಲಿನ ಪರದೆಯೂ ಜಾನಪದ ವಿದ್ವಾಂಸನ ಅವಲೋಕನಕ್ಕೆ ಒಳಪಡಬೇಕಾದ ವಸ್ತುವೆಂಬುದು ಸ್ಪಷ್ಟವಾಗುತ್ತದೆ.

ಇಂದು ಪಹಣಿ, ಪಿಂಚಣಿ, ಪಡಿತರ, ಬೆಳೆ ವಿಮೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲಾದ ಜೀವನಾವಶ್ಯಕ ವ್ಯವಹಾರಗಳೆಲ್ಲವೂ ಒಂದಲ್ಲ ಒಂದು ಪರದೆಯ ಮೂಲಕ ಹಾದುಹೋಗುತ್ತವೆ. ಆ ಪರದೆಗಳನ್ನು ಕಟ್ಟುವ ವಿನ್ಯಾಸಕಾರರು ಮತ್ತು ತಂತ್ರಾಂಶ ರಚಿಸುವವರು ಕಳೆದ ಒಂದು ದಶಕದಲ್ಲಿ ಹೊಸ ಹೊಸ ತಂತ್ರಗಳನ್ನು ವೇಗವಾಗಿ ಅಳವಡಿಸಿಕೊಂಡಿದ್ದಾರೆ. ಈ ಅಳವಡಿಕೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಕಟ್ಟುವವರ ಕಡೆಯಿಂದಲೇ ನಡೆಯುತ್ತದೆ. ಎಷ್ಟು ಬೇಗ ಕಟ್ಟಬಹುದು, ಎಷ್ಟು ಕಡಿಮೆ ಸಾಲುಗಳಲ್ಲಿ ಬರೆಯಬಹುದು ಎಂಬುವೇ ಅಲ್ಲಿನ ಅಳತೆಗೋಲುಗಳು. ಪರದೆಯ ಈಚೆಗೆ ನಿಂತವರ ಕಡೆಯಿಂದ ಆ ಅಳತೆಗೋಲನ್ನೇ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕೆ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕನ್ನೂ ಅದರ ನೆರೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಪರಿಸರವನ್ನೂ ಆರಿಸಿಕೊಳ್ಳಲಾಗಿದೆ. ಕನ್ನಡ, ದಖನಿ ಉರ್ದು, ತೆಲುಗು ಮತ್ತು ಲಂಬಾಣಿಗರ ಗೋರಮಾಟಿ ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆಯು ಏಕಭಾಷಿಕ ಬಳಕೆದಾರನೆಂಬ ಕಲ್ಪನೆಯನ್ನು ಪರೀಕ್ಷಿಸಲು ತಕ್ಕ ಒರೆಗಲ್ಲಾಗಿದೆ.

2. 'ಪರದೆ' ಎಂಬ ಪದ

ಇಂಟರ್‌ಫೇಸ್ ಎಂಬುದಕ್ಕೆ ಕನ್ನಡದಲ್ಲಿ ಸಂಪರ್ಕಸಾಧನ, ಅಂತರಮುಖ, ಅಂತರಸಂಪರ್ಕ ಮೊದಲಾದ ಪದಗಳನ್ನು ಸೂಚಿಸಲಾಗಿದೆ. ಇವುಗಳಲ್ಲಿ ಯಾವುದೂ ಜನಬಳಕೆಗೆ ಇಳಿದಿಲ್ಲ. ಜನರು ಹೇಳುವುದು 'ಸ್ಕ್ರೀನ್' ಇಲ್ಲವೇ 'ಪರದೆ' ಎಂದು. ಪಾರಿಭಾಷಿಕ ದೃಷ್ಟಿಯಿಂದ ಇದು ಸಡಿಲವೆನಿಸಿದರೂ ಜಾನಪದ ದೃಷ್ಟಿಯಿಂದ ಬಹು ಅರ್ಥವತ್ತಾದ ಪದ. ಉರ್ದುವಿನ ಬಳಕೆಯಲ್ಲಿ ಪರದೆ ಮರೆಮಾಡುವ ವಸ್ತು. ಬಯಲಾಟದಲ್ಲಿ ಪಾತ್ರವನ್ನು ಪ್ರಕಟಪಡಿಸುವ ವಸ್ತು. ಮೂಡಲಪಾಯದಂತಹ ಆಟಗಳಲ್ಲಿ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಅದರ ಹಿಂದೆ ವೇಷ ಬಂದು ನಿಲ್ಲುತ್ತದೆ. ತೆರೆ ಸರಿದಾಗ ಪಾತ್ರ ಸಭೆಗೆ ಕಾಣುತ್ತದೆ. ತೊಗಲುಗೊಂಬೆಯಾಟದಲ್ಲಂತೂ ಪರದೆಯೇ ರಂಗಸ್ಥಳ. ಹಿಂದೆ ದೀಪ, ನಡುವೆ ಗೊಂಬೆ, ಮುಂದೆ ಜನ.

ಆದರೆ ನಮ್ಮ ಆಟಗಳಲ್ಲಿ ಪರದೆ ಎಂದೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ದೊಡ್ಡಾಟದಲ್ಲಿ ತೆರೆ ಸರಿದೊಡನೆ ಸಾರಥಿ ಮುಂದೆ ಬಂದು, ಬಂದ ಪಾತ್ರವನ್ನು ಯಾರು, ಯಾವ ನಾಡು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಪಾತ್ರ ಉತ್ತರಿಸುವುದು ಸಾರಥಿಗೆ, ಅರ್ಥವಾಗುವುದು ಸಭೆಗೆ. ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತನ ಗೊಂಬೆ ರಾಮ-ರಾವಣರ ಕಥೆಯ ನಡುವೆ ಊರಿನ ಭಾಷೆಯಲ್ಲಿ ಮಾತಾಡಿ ನೋಡುಗರನ್ನು ಕಥೆಯೊಳಕ್ಕೆ ಎಳೆದು ತರುತ್ತದೆ. ಪರದೆಯಿರುವೆಡೆ ಸಾರಥಿಯೂ ಇರಬೇಕೆಂಬುದು ಜನಪದ ರಂಗಭೂಮಿ ತಲೆಮಾರುಗಳ ಅನುಭವದಿಂದ ಕಂಡುಕೊಂಡ ತತ್ತ್ವ. ಆ್ಯಪ್‌ಗಳ ಪರದೆಯಲ್ಲಿ ಈ ಸ್ಥಾನದ ಗತಿಯೇನು ಎಂಬುದೇ ಈ ಲೇಖನದ ಮುಖ್ಯ ಪ್ರಶ್ನೆ.

3. ಕಟ್ಟುವವರ ಜಾನಪದ

ತಂತ್ರಾಂಶ ರಚಿಸುವವರೂ ಒಂದು ಜನಪದ ಸಮುದಾಯವೇ. ಅವರಿಗೆ ತಮ್ಮದೇ ಪರಿಭಾಷೆಯಿದೆ, ಐತಿಹ್ಯಗಳಿವೆ, ದೀಕ್ಷಾಕ್ರಮಗಳಿವೆ. 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಗಣಕಯಂತ್ರದೊಳಗೆ ಸಿಕ್ಕಿದ ಪತಂಗವನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದು ನಿಜಸಂಗತಿ. ಆದರೆ 'ಬಗ್' ಎಂಬ ಪದ ಹುಟ್ಟಿದ್ದೇ ಅಲ್ಲಿಂದ ಎಂಬುದು ಐತಿಹ್ಯ. ಥಾಮಸ್ ಎಡಿಸನ್ ಆ ಪದವನ್ನು 1878ರಲ್ಲಿಯೇ ಯಂತ್ರದೋಷದ ಅರ್ಥದಲ್ಲಿ ಬಳಸಿದ್ದ. ಸ್ಥಳನಾಮಗಳ ಸುತ್ತ ಕಥೆಗಳು ಹುಟ್ಟಿಕೊಳ್ಳುವ ರೀತಿಯಲ್ಲಿಯೇ ಈ ಪದದ ಸುತ್ತಲೂ ಕಥೆ ಹುಟ್ಟಿಕೊಂಡಿದೆ.

ಹೊಸ ತಂತ್ರಗಳ ಅಳವಡಿಕೆಯೂ ಬಹುಮಟ್ಟಿಗೆ ಕಥನಗಳ ಮೂಲಕವೇ ಹರಡುತ್ತದೆ. ಇಲ್ಲಿ ಮುಖ್ಯ ಕಾಲಾನುಕ್ರಮವನ್ನು ಗಮನಿಸಬಹುದು. ಫೇಸ್‌ಬುಕ್ ಸಂಸ್ಥೆ 'ರಿಯಾಕ್ಟ್' ಎಂಬ ಚೌಕಟ್ಟನ್ನು 2013ರಲ್ಲಿಯೂ ಮೊಬೈಲುಗಳಿಗಾಗಿ 'ರಿಯಾಕ್ಟ್ ನೇಟಿವ್' ಅನ್ನು 2015ರಲ್ಲಿಯೂ ಮುಕ್ತಗೊಳಿಸಿತು. ಗೂಗಲ್ ಸಂಸ್ಥೆಯ 'ಫ್ಲಟರ್' 2018ರ ಡಿಸೆಂಬರಿನಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಕಂಡಿತು. ಆಪಲ್‌ನ 'ಸ್ವಿಫ್ಟ್‌ಯುಐ' 2019ರಲ್ಲಿ, ಆಂಡ್ರಾಯ್ಡಿನ 'ಜೆಟ್‌ಪ್ಯಾಕ್ ಕಂಪೋಸ್' 2021ರಲ್ಲಿ ಬಂದವು. ಪ್ರತಿಯೊಂದು ಬಂದಾಗಲೂ ಅದನ್ನು ಅಳವಡಿಸಿಕೊಂಡವರು ಹೇಳುವ ಅನುಭವ ಕಥನಗಳ ರಾಚನಿಕ ಸ್ವರೂಪ ಒಂದೇ. ವ್ಲಾದಿಮಿರ್ ಪ್ರಾಪ್ 1928ರ ತನ್ನ ಗ್ರಂಥದಲ್ಲಿ ಕಿನ್ನರಕಥೆಗಳಿಗೆ ಗುರುತಿಸಿದ 31 ಕ್ರಿಯೆಗಳಲ್ಲಿ 'ಕೊರತೆ', 'ಮಾಯಾವಸ್ತುವಿನ ಪ್ರಾಪ್ತಿ', 'ಕಠಿಣ ಕಾರ್ಯ' ಮತ್ತು 'ಪರಿಹಾರ' ಎಂಬುವು ಇಲ್ಲಿ ಸುಲಭವಾಗಿ ಕಾಣಸಿಗುತ್ತವೆ. ಹಳೆಯ ವಿಧಾನದಲ್ಲಿ ಕೆಲಸ ನಿಧಾನವಾಗಿತ್ತು, ಹೊಸ ಚೌಕಟ್ಟು ದೊರೆಯಿತು, ಒಮ್ಮೆ ಬರೆದು ಎರಡು ಬಗೆಯ ಫೋನುಗಳಲ್ಲಿಯೂ ನಡೆಸಲು ಸಾಧ್ಯವಾಯಿತು, ಕೊರತೆ ನೀಗಿತು.

ಈ ಕಥನಗಳಲ್ಲಿ ನಾಯಕ ಯಾರು ಎಂಬುದು ವಿಮರ್ಶಕನು ಕೇಳಬೇಕಾದ ಪ್ರಶ್ನೆ. ನಾಯಕ ತಂತ್ರಾಂಶ ರಚನಕಾರ, ಕೊರತೆಯೂ ಅವನದೇ. ಬಳಕೆದಾರನು ಕೊನೆಯಲ್ಲಿ ದೊರೆಯುವ ರಾಜಕುಮಾರಿಯಂತೆ ಮೂಕಪಾತ್ರ. ಅವನು ಸಂತುಷ್ಟನಾದನೆಂದು ಹೇಳಲಾಗುತ್ತದೆಯೇ ಹೊರತು ಅವನ ಮಾತು ಕೇಳಿಬರುವುದಿಲ್ಲ. ಈ ತಂತ್ರಗಳು ನಿರುಪಯುಕ್ತವೆಂಬುದು ಇದರ ತಾತ್ಪರ್ಯವಲ್ಲ. ಯಾರ ಕೊರತೆಯನ್ನು ನೀಗಲು ಅವು ರೂಪುಗೊಂಡವೋ ಅವರ ಕೊರತೆ ಬಹಳ ಮಟ್ಟಿಗೆ ನೀಗಿದೆ. ಚಿಂಚೋಳಿಯ ರೈತನ ಕೊರತೆ ಬೇರೆ. ಅದು ಈ ಕಥೆಯ ಮೊದಲ ಪುಟದಲ್ಲಿಯೇ ಇರಲಿಲ್ಲ.

4. ಸೂತ್ರವೂ ಘಟಕವೂ

ಹೊಸ ಚೌಕಟ್ಟುಗಳ ಒಳತಿರುಳನ್ನು ಅರಿಯಲು ಮೌಖಿಕ ಕಾವ್ಯದ ಸಿದ್ಧಾಂತವೊಂದು ನೆರವಾಗುತ್ತದೆ. ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯಾದ ಗಾಯಕರಿಂದ ಧ್ವನಿಮುದ್ರಿಸಿಕೊಂಡ ಕಾವ್ಯಗಳ ಆಧಾರದಿಂದ ಆಲ್ಬರ್ಟ್ ಲಾರ್ಡ್ 1960ರಲ್ಲಿ ಮಂಡಿಸಿದ ವಾದವಿದು: ಮೌಖಿಕ ಗಾಯಕನು ಸ್ಥಿರಪಠ್ಯವನ್ನು ಕಂಠಪಾಠ ಮಾಡಿ ಒಪ್ಪಿಸುವುದಿಲ್ಲ, ಸಿದ್ಧ ಸೂತ್ರಗಳನ್ನು ಬಳಸಿ ಪ್ರತಿ ಸಲವೂ ಕಾವ್ಯವನ್ನು ಹೊಸದಾಗಿ ಕಟ್ಟುತ್ತಾನೆ. ನಮ್ಮ ಮಂಟೇಸ್ವಾಮಿ ಮತ್ತು ಮಲೆಮಾದೇಶ್ವರ ಕಾವ್ಯಗಳ ಗಾಯಕರಲ್ಲಿಯೂ ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿಯೂ ಈ ಗುಣವನ್ನು ಕಾಣಬಹುದು.

ಹಳೆಯ ಮುಖವಿನ್ಯಾಸ ಪದ್ಧತಿಯು ಹಸ್ತಪ್ರತಿಯಂತಿತ್ತು. ಪರದೆಯ ಭಾಗಗಳನ್ನು ಒಮ್ಮೆ ಇರಿಸಿ, ಅನಂತರ ಒಂದೊಂದನ್ನು ಹುಡುಕಿ ತಿದ್ದಲು ಆಜ್ಞೆ ಕೊಡಬೇಕಾಗಿತ್ತು. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತರೆ ಪಾಠದೋಷ ಉಂಟಾಗುತ್ತಿತ್ತು. ಹೊಸ ಪದ್ಧತಿಯಲ್ಲಿ ರಚನಕಾರನು ಇಂತಹ ಸ್ಥಿತಿಯಲ್ಲಿ ಪರದೆ ಹೀಗಿರಬೇಕೆಂದು ಘೋಷಿಸುತ್ತಾನೆ. ಸ್ಥಿತಿ ಬದಲಾದಾಗಲೆಲ್ಲ ಚೌಕಟ್ಟು ಸಿದ್ಧ ಘಟಕಗಳಿಂದ ಪರದೆಯನ್ನು ಮತ್ತೆ ಕಟ್ಟುತ್ತದೆ. ಘಟಕವೇ ಇಲ್ಲಿ ಸೂತ್ರ, ಸ್ಥಿತಿಯೇ ಸಂದರ್ಭ, ಪ್ರತಿ ಚಿತ್ರಣವೂ ಒಂದು ಪ್ರದರ್ಶನ. ಈ ದೃಷ್ಟಿಯಿಂದ ಗಣಕಲೋಕವು ಹಸ್ತಪ್ರತಿ ಸಂಸ್ಕೃತಿಯಿಂದ ಮೌಖಿಕ ಸಂಸ್ಕೃತಿಯ ಕಡೆಗೆ ಹೊರಳಿದೆಯೆಂದು ಹೇಳಿದರೆ ತಪ್ಪಾಗಲಾರದು.

ಆದರೆ ಸಾಮ್ಯ ಅಲ್ಲಿಗೇ ನಿಲ್ಲುತ್ತದೆ. ಗೀಗೀ ಹಾಡುಗಾರನ ಸಂದರ್ಭದಲ್ಲಿ ಕೇಳುಗರೂ ಸೇರಿದ್ದಾರೆ. ಸಭೆ ತೂಕಡಿಸಿದರೆ ಅವನು ಹಾಸ್ಯವನ್ನು ತರುತ್ತಾನೆ. ಹೆಂಗಸರು ಹೆಚ್ಚಿದ್ದರೆ ನಾಗೇಶಿ ಪಕ್ಷವನ್ನು ಹಿಗ್ಗಿಸುತ್ತಾನೆ. ಮಾತು ತಿಳಿಯಲಿಲ್ಲವೆಂದು ಕಂಡರೆ ಹಿಮ್ಮೇಳದವರ ಬಾಯಿಂದ ಅದನ್ನೇ ಇನ್ನೊಮ್ಮೆ ಹೇಳಿಸುತ್ತಾನೆ. ಆ್ಯಪಿನ ಸ್ಥಿತಿಯಲ್ಲಿ ಬಳಕೆದಾರನ ಹೆಸರು, ಗುರುತಿನ ಸಂಖ್ಯೆ, ಸರ್ವೆ ನಂಬರು, ಜಾಲಸಂಪರ್ಕದ ಬಲ ಎಲ್ಲವೂ ಇರುತ್ತವೆ. ಓದುತ್ತಿರುವವನು ಅವನೇ ಅಥವಾ ಅವನ ಮೊಮ್ಮಗನೇ, ತಿಳಿಯಿತೇ ಇಲ್ಲವೇ ಎಂಬುದು ಇರುವುದಿಲ್ಲ. ಸೂತ್ರಗಳುಂಟು, ಪುನಾರಚನೆಯುಂಟು, ಸಭೆಯಿಲ್ಲ. 2022ರ ಈಚೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳಿಗೆ ವರ್ಣಿಸಿ ಹೇಳಿ ಪರದೆಯನ್ನು ಬರೆಸಿಕೊಳ್ಳುವ ರೂಢಿ ಹಬ್ಬುತ್ತಿರುವುದರಿಂದ ಈ ಅಂತರ ಇನ್ನಷ್ಟು ಹಿಗ್ಗುವ ಸಂಭವವಿದೆ. ಏಕೆಂದರೆ ಅಂತಹ ಸಾಧನವು ಈಗಾಗಲೇ ಇರುವ ಪರದೆಗಳಿಂದ ಕಲಿತದ್ದು; ಇಲ್ಲದ ಸಭೆಯನ್ನು ಅದು ತಾನಾಗಿ ಕಲ್ಪಿಸಿಕೊಳ್ಳಲಾರದು.

5. 'ಭೂಮಿ'ಯ ಎರಡು ಪರದೆಗಳು

ಕರ್ನಾಟಕದ ಮಟ್ಟಿಗೆ ಗ್ರಾಮೀಣ ಜನತೆ ಮತ್ತು ಗಣಕದ ಪರದೆ ದೊಡ್ಡ ಪ್ರಮಾಣದಲ್ಲಿ ಮುಖಾಮುಖಿಯಾದುದು 'ಭೂಮಿ' ಯೋಜನೆಯಲ್ಲಿ. ರಾಷ್ಟ್ರೀಯ ಮಾಹಿತಿ ಕೇಂದ್ರದ ತಾಂತ್ರಿಕ ನೆರವಿನಿಂದ ಕಂದಾಯ ಇಲಾಖೆ ಕೈಗೊಂಡ ಈ ಯೋಜನೆಯಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಭೂದಾಖಲೆಗಳು ಗಣಕೀಕೃತವಾದವು. 2002ರ ಹೊತ್ತಿಗೆ ತಾಲ್ಲೂಕು ಕೇಂದ್ರಗಳಲ್ಲಿ ಭೂಮಿ ಕೇಂದ್ರಗಳು ಕಾರ್ಯನಿರತವಾಗಿದ್ದವು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಈ ಯೋಜನೆಯ ಆಡಳಿತಾತ್ಮಕ ಗುಣದೋಷಗಳನ್ನು ಕುರಿತು ಸಾಕಷ್ಟು ಬರವಣಿಗೆ ಬಂದಿದೆ. ಮುಖವಿನ್ಯಾಸದ ದೃಷ್ಟಿಯಿಂದ ಹೆಚ್ಚು ಗಮನಕ್ಕೆ ಬಾರದ ಒಂದು ಅಂಶವನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ.

ಭೂಮಿ ಕೇಂದ್ರದಲ್ಲಿ ನೌಕರನಿಗೆ ಒಂದು ಪರದೆಯಿದ್ದಂತೆ ರೈತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆಯನ್ನೂ ಕಲ್ಪಿಸಲಾಗಿತ್ತು. ನೌಕರನು ಏನು ಮಾಡುತ್ತಿದ್ದಾನೆಂಬುದನ್ನು ರೈತನು ನೋಡಬಹುದಾಗಿತ್ತು. ತಾಂತ್ರಿಕವಾಗಿ ಇದು ಅತ್ಯಂತ ಸರಳ ಉಪಾಯ; ಅಂದಿನ ಮುಖವಿನ್ಯಾಸದಲ್ಲಿ ಇಂದಿನ ನಯವಿರಲಿಲ್ಲ. ಆದರೆ ಅದರ ಹಿಂದಿನ ಸಾಮಾಜಿಕ ತಿಳಿವಳಿಕೆ ಗಟ್ಟಿಯಾದದ್ದು. ವ್ಯವಹಾರದಲ್ಲಿ ಇಬ್ಬರಿದ್ದಾರೆ, ನಡೆಸುವವನೊಬ್ಬ, ಬಾಧ್ಯಸ್ಥನೊಬ್ಬ, ಇಬ್ಬರಿಗೂ ಕಾಣಬೇಕು ಎಂಬ ಸತ್ಯವನ್ನು ಅದು ಒಪ್ಪಿಕೊಂಡಿತ್ತು. ಓದಲು ಬಾರದ ರೈತನಿಗೂ ತನ್ನ ಎದುರು ಒಂದು ಪರದೆಯಿರುವುದು, ಜೊತೆಗೆ ಬಂದ ಮಗನೋ ನೆರೆಯವನೋ ಅದನ್ನು ಓದಿ ಹೇಳುವುದು ಬೇರೆಯೇ ಮಾತು.

ಮೊಬೈಲು ಬಂದ ಮೇಲೆ ಎರಡು ಪರದೆಗಳು ಒಂದಾದವು. ಒಂದು ಫೋನು, ಒಬ್ಬ ಬಳಕೆದಾರ, ಒಂದು ಗುಟ್ಟಿನ ಸಂಖ್ಯೆ ಎಂಬ ಲೆಕ್ಕಾಚಾರವೇ ಎಲ್ಲ ಹೊಸ ಚೌಕಟ್ಟುಗಳ ತಳಹದಿ. ತಂತ್ರ ಮುಂದೆ ಹೋದರೂ ವ್ಯವಹಾರದಲ್ಲಿ ಇಬ್ಬರಿರುತ್ತಾರೆಂಬ ಅರಿವು ಹಿಂದೆ ಸರಿಯಿತು.

6. ಚಿಂಚೋಳಿ ಸೀಮೆಯ ನುಡಿ ಮತ್ತು ಪರದೆಯ ನುಡಿ

ಭಾಷೆಯ ಪ್ರಮಾಣೀಕರಣದ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟದ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗವು ಕನ್ನಡದ ತಿರುಳನ್ನು ರಾಜಧಾನಿಯಲ್ಲಿ ಗುರುತಿಸದೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡಿನಲ್ಲಿ ಗುರುತಿಸಿತು. ಅದೇ ವೇಳೆಗೆ ಕನ್ನಡಗಳು ಹಲವಾಗಿರುವುದನ್ನೂ ಒಪ್ಪಿಕೊಂಡಿತು. ಪ್ರಮಾಣವೊಂದನ್ನು ಹೇಳಿದರೂ ಭೇದಗಳನ್ನು ಅಳಿಸದ ಆ ವಿವೇಕ ಇಂದಿನ ಪರದೆಗಳಿಗೂ ಬೇಕಾಗಿದೆ.

ಲಿಪಿಯ ಮಟ್ಟಿಗೆ ಬಹಳಷ್ಟು ಸಾಧನೆಯಾಗಿದೆ ಎಂಬುದನ್ನು ಮೊದಲು ಹೇಳಬೇಕು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವು ಗಣಕದಲ್ಲಿ ಕನ್ನಡವನ್ನು ನೆಲೆಗೊಳಿಸಿದವು. 2012ರ ಆಂಡ್ರಾಯ್ಡ್ 4.1 ಆವೃತ್ತಿಯಿಂದ ಕನ್ನಡ ಲಿಪಿ ಫೋನುಗಳಲ್ಲಿ ಸಹಜವಾಗಿ ಮೂಡಲಾರಂಭಿಸಿತು. ಹೊಸ ಚೌಕಟ್ಟುಗಳು ಭಾಷಾಪಾಠಗಳನ್ನು ತಂತ್ರಾಂಶದ ತರ್ಕದಿಂದ ಬೇರ್ಪಡಿಸಿ ಪ್ರತ್ಯೇಕ ಕಡತಗಳಲ್ಲಿ ಇಡಲು ಅನುವು ಮಾಡಿಕೊಟ್ಟದ್ದು ನಿಜವಾದ ಲಾಭ. ಆದರೂ ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಬಟನ್ನಿನಲ್ಲಿ 'ರಾಷ್ಟ್ರೀಯ', 'ಸ್ತ್ರೀ' ಮೊದಲಾದ ಪದಗಳ ಕೆಳಗಿನ ಒತ್ತಕ್ಷರಗಳು ತುಂಡಾಗಿ ಕಾಣುವ ತೊಡಕನ್ನು ಇಂದಿಗೂ ಕಾಣಬಹುದು. ಅಂಗಿ ಹೊಲಿದ ಮೇಲೆ ಮೈ ಅಳತೆ ತೆಗೆದಂತಾಗುತ್ತದೆ ಇದು.

ಲಿಪಿಗಿಂತ ಆಳವಾದ ತೊಡಕುಗಳು ನುಡಿಯಲ್ಲಿವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು ಸಂಬೋಧನೆ. ಇಂಗ್ಲಿಷಿನ ಆಜ್ಞಾರ್ಥಕ ರೂಪದಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆಂಬುದು ಮುಚ್ಚಿಹೋಗುತ್ತದೆ. ಕನ್ನಡದಲ್ಲಿ ಅದು ಮುಚ್ಚುವುದಿಲ್ಲ. ಬಟನ್ನಿನ ಮೇಲೆ 'ಉಳಿಸು' ಎಂದಿದ್ದರೆ ಮನುಷ್ಯನು ಯಂತ್ರಕ್ಕೆ ಹೇಳಿದಂತೆ. 'ಉಳಿಸಿ' ಎಂದಿದ್ದರೆ ಯಂತ್ರವು ಮನುಷ್ಯನನ್ನು ಕೇಳಿದಂತೆ. ಒಂದೇ ಪರದೆಯಲ್ಲಿ 'ಹೆಸರು ನಮೂದಿಸು', 'ಮುಂದುವರಿಯಿರಿ', 'ಅಳಿಸು' ಎಂಬ ಮೂರೂ ಕಾಣಿಸಿಕೊಂಡಾಗ ಓದುಗನ ಸ್ಥಾನವೇ ಅಲುಗಾಡುತ್ತದೆ. ಮಾತಿಗೊಂದು 'ರೀ' ಸೇರಿಸಿ ಆಡುವ ಈ ಸೀಮೆಯಲ್ಲಿ ಎಪ್ಪತ್ತರ ಮುದುಕನಿಗೆ 'ನಮೂದಿಸು' ಎಂಬುದು ಗದರಿಕೆಯಾಗಿಯೇ ಕೇಳಿಸುತ್ತದೆ. ಇದು ಕೇವಲ ಅನುವಾದಕನ ಅಜಾಗರೂಕತೆಯಲ್ಲ. ಘಟಕವನ್ನು ಒಮ್ಮೆ ಮಾಡಿ ಎಲ್ಲೆಡೆ ಮರುಬಳಸುವ ಪದ್ಧತಿಯಲ್ಲಿ ಅನುವಾದಕನ ಕೈಗೆ ಬರುವುದು ಸಂದರ್ಭ ಕಳೆದುಕೊಂಡ ಬಿಡಿಪದಗಳ ಪಟ್ಟಿ. ಸಂದರ್ಭವಿಲ್ಲದ ಪಠ್ಯ ಸಂಗ್ರಹದ ದೋಷವನ್ನು ಜಾನಪದ ಕ್ಷೇತ್ರವು ಹಿಂದೆ ತಾನೇ ಅನುಭವಿಸಿ ತಿದ್ದಿಕೊಂಡಿದೆ. ಅದೇ ದೋಷ ಇಲ್ಲಿ ಮತ್ತೆ ತಲೆದೋರಿದೆ.

ಎರಡನೆಯದು ಆಡಳಿತದ ಶಬ್ದಗಳು. ಜಮೀನಿನ ದಾಖಲೆಯನ್ನು ಮುಂಬಯಿ ಕರ್ನಾಟಕದಲ್ಲಿ 'ಉತಾರ' ಎಂದೂ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಈ ಭಾಗದಲ್ಲಿ 'ಪಹಣಿ' ಎಂದೂ ಹೇಳುತ್ತಾರೆ. ಕಚೇರಿ ಭಾಷೆಯಲ್ಲಿ ಅದು 'ಆರ್‌ಟಿಸಿ'. 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದು 1956ರಲ್ಲಿ ವಿಶಾಲ ಮೈಸೂರಿಗೆ ಸೇರಿದ ಈ ಪ್ರದೇಶಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಹೆಸರು ಬದಲಾದರೂ ಕಚೇರಿಯ ಶಬ್ದಸಂಪತ್ತು ಜನರ ನಾಲಿಗೆಯಲ್ಲಿ ಉರ್ದು ಮೂಲದ್ದೇ ಆಗಿ ಉಳಿದಿದೆ. ಬೆಂಗಳೂರಿನಲ್ಲಿ ರೂಪಿಸಿದ ಸಂಸ್ಕೃತಭೂಯಿಷ್ಠ ಪದಗಳಿಗಿಂತ 'ಅರ್ಜಿ', 'ವಾರಸಾ', 'ದಸ್ತಾವೇಜು' ಎಂಬುವು ಇಲ್ಲಿ ಬೇಗ ತಿಳಿಯುತ್ತವೆ.

ಮೂರನೆಯದು ಅಳತೆ. ಜಮೀನನ್ನು ಎಕರೆ, ಗುಂಟೆಗಳಲ್ಲಿ ಹೇಳುವುದು ರೂಢಿ. 40 ಗುಂಟೆಗೆ ಒಂದು ಎಕರೆ. ಎರಡು ಎಕರೆ ಇಪ್ಪತ್ತು ಗುಂಟೆಯೆಂದರೆ ಎರಡೂವರೆ ಎಕರೆ. ಸಿದ್ಧ ಚೌಕಟ್ಟಿನಲ್ಲಿ ಸಂಖ್ಯೆಗೆಂದು ದೊರೆಯುವುದು ಒಂದೇ ದಶಮಾಂಶದ ಚೌಕ. ಅದರಲ್ಲಿ ರೈತನು ರೂಢಿಯಂತೆ 2.20 ಎಂದು ಬರೆದರೆ ಯಂತ್ರ ಅದನ್ನು ಎರಡು ಎಕರೆ ಎಂಟು ಗುಂಟೆಯೆಂದು ಓದುತ್ತದೆ. ಹನ್ನೆರಡು ಗುಂಟೆ ಕಣ್ಣೆದುರೇ ಮಾಯವಾಗುತ್ತದೆ. ಎರಡು ಚೌಕಗಳನ್ನು ಬೇರೆ ಬೇರೆ ಇಡುವುದು ಯಾವ ಚೌಕಟ್ಟಿನಲ್ಲಿಯೂ ಕಷ್ಟವಲ್ಲ. ಆದರೆ ಇಡಬೇಕೆಂದು ತಿಳಿದಿರಬೇಕು.

ನಾಲ್ಕನೆಯದು ಕಾಲ. ಬಿತ್ತನೆಯ ದಿನಾಂಕ ಕೇಳಿದರೆ ರೈತನು ಹೇಳುವುದು ಮಳೆಯ ಹೆಸರನ್ನು. ಮೃಗಶಿರಾ ಮಳೆ ಇಲ್ಲಿನವರ ಬಾಯಲ್ಲಿ 'ಮಿರಗ'. ಜೂನ್ ಮೊದಲ ವಾರದ ಕೊನೆಗೆ ಕೂಡಿಕೊಂಡು ಸುಮಾರು ಹದಿನಾಲ್ಕು ದಿನ ನಡೆಯುತ್ತದೆ. 'ಮಿರಗದಾಗ ತೊಗರಿ ಬಿತ್ತೀನ್ರಿ' ಎಂಬ ಉತ್ತರದಲ್ಲಿ ಬೆಳೆ, ಕಾಲ, ಹದ ಮೂರೂ ಅಡಕವಾಗಿವೆ. ಪರದೆಯ ಮೇಲೆ ಮೂಡುವ ಇಂಗ್ಲಿಷ್ ತಿಂಗಳ ಚೌಕುಳಿ ಕೋಷ್ಟಕದಲ್ಲಿ ಇದಕ್ಕೆ ಸ್ಥಾನವಿಲ್ಲ. ತುಂಬುವವನು ಅಂದಾಜಿನ ಒಂದು ದಿನವನ್ನು ಒತ್ತುತ್ತಾನೆ. ಹೀಗೆ ನಿಖರವಾದ ಜನಪದ ಜ್ಞಾನವು ನಿಖರವೆಂದು ತೋರುವ ತಪ್ಪು ಮಾಹಿತಿಯಾಗಿ ದಾಖಲಾಗುತ್ತದೆ. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಕಲಬುರಗಿ ತೊಗರಿಯ ಸೀಮೆಯಲ್ಲಿ ಈ ಮಾಹಿತಿಯ ಮೇಲೆ ವಿಮೆ, ಪರಿಹಾರ, ಬೆಂಬಲ ಬೆಲೆಯ ಖರೀದಿಗಳು ನಿಂತಿರುವುದನ್ನು ಗಮನಿಸಿದರೆ ತೊಡಕಿನ ಗಾತ್ರ ತಿಳಿಯುತ್ತದೆ.

ಇವೆಲ್ಲವೂ ಕನ್ನಡ ಬಲ್ಲವರ ತೊಡಕುಗಳಾದವು. ಚಿಂಚೋಳಿ ತಾಲ್ಲೂಕಿನ ತಾಂಡಾಗಳ ಲಂಬಾಣಿಗರಿಗೆ ಕನ್ನಡವೇ ಎರಡನೆಯ ಭಾಷೆ. ಗೋರಮಾಟಿಗೆ ಸ್ವಂತ ಲಿಪಿಯ ರೂಢಿಯಿಲ್ಲ. ಕರ್ನಾಟಕದಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಅಂತಾರಾಷ್ಟ್ರೀಯ ಭಾಷಾ ಸಂಕೇತಗಳ ಪಟ್ಟಿಯಲ್ಲಿ ಲಂಬಾಣಿ ಭಾಷೆಗೆ ಪ್ರತ್ಯೇಕ ಸಂಕೇತವಿದೆ. ಆದರೆ ಫ್ಲಟರಿನಂತಹ ಚೌಕಟ್ಟುಗಳು ತಮ್ಮೊಡನೆ ಕೊಡುವ ಸಿದ್ಧ ಭಾಷೆಗಳಲ್ಲಿ ಕನ್ನಡವುಂಟು, ಲಂಬಾಣಿ ಇಲ್ಲ. ರಚನಕಾರನು ಮನಸ್ಸು ಮಾಡಿದರೆ ತಾನೇ ಸೇರಿಸಬಹುದು. ಆದುದರಿಂದ ಇಲ್ಲಿ ಅಡ್ಡಿಯಾಗಿರುವುದು ತಂತ್ರದ ಅಶಕ್ತಿಯಲ್ಲ. ಸಿದ್ಧವಾಗಿ ದೊರೆತದ್ದೇ ಸಾಕೆನ್ನುವ ರೂಢಿ.

7. ಸಾರಥಿಯ ಸ್ಥಾನ

ಇಷ್ಟು ತೊಡಕುಗಳಿದ್ದರೂ ಚಿಂಚೋಳಿ ಸೀಮೆಯಲ್ಲಿ ಅರ್ಜಿಗಳು ಸಲ್ಲುತ್ತಿವೆ, ಬೆಳೆಗಳು ದಾಖಲಾಗುತ್ತಿವೆ, ಪಿಂಚಣಿಗಳು ಬರುತ್ತಿವೆ. ಇದು ಸಾಧ್ಯವಾದುದು ಹೇಗೆ? ಪರದೆ ಬಿಟ್ಟುಕೊಟ್ಟ ಸಾರಥಿಯ ಸ್ಥಾನವನ್ನು ಸಮುದಾಯವು ತಾನೇ ತುಂಬಿಕೊಂಡಿದೆ. ಶಾಲೆಗೆ ಹೋಗುವ ಮೊಮ್ಮಗಳು, ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಯವನು, ಸೇವಾಕೇಂದ್ರದ ಹುಡುಗ ಇವರೇ ಇಂದಿನ ಸಾರಥಿಗಳು.

ಕ್ಷೇತ್ರಕಾರ್ಯದ ಸಂದರ್ಭದಲ್ಲಿ ತಾಲ್ಲೂಕಿನ ತಾಂಡಾವೊಂದರಲ್ಲಿ ಕಂಡ ಒಂದು ಪ್ರಸಂಗವನ್ನು ಇಲ್ಲಿ ದಾಖಲಿಸುತ್ತೇನೆ. ವೃದ್ಧೆಯೊಬ್ಬಳ ಅರ್ಜಿಯನ್ನು ಆಕೆಯ ಮೊಮ್ಮಗ ಫೋನಿನಲ್ಲಿ ತುಂಬುತ್ತಿದ್ದ. ಪರದೆಯ ಮೇಲಿನ ಗ್ರಾಂಥಿಕ ಕನ್ನಡವನ್ನು ಮೊದಲು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ. ಅದನ್ನು ತನ್ನ ಆಡುಗನ್ನಡಕ್ಕೆ ತಿರುಗಿಸಿಕೊಳ್ಳುತ್ತಿದ್ದ. ಅನಂತರ ಅಜ್ಜಿಗೆ ಗೋರಮಾಟಿಯಲ್ಲಿ ಕೇಳುತ್ತಿದ್ದ. ಆಕೆಯ ಉತ್ತರ ನೇರವಾಗಿರಲಿಲ್ಲ. ಗಂಡ ತೀರಿಕೊಂಡ ವರ್ಷವನ್ನು ಕೇಳಿದಾಗ ಆ ವರ್ಷ ಬಿದ್ದ ಬರ, ಮಾರಿದ ಎತ್ತು, ಮಗಳ ಮದುವೆ ಇವುಗಳ ಮೂಲಕ ಆಕೆ ಲೆಕ್ಕ ಹಾಕಿದಳು. ಆ ಲೆಕ್ಕ ಮುಗಿದು ವರ್ಷ ಗೊತ್ತಾಗುವ ಹೊತ್ತಿಗೆ ಫೋನಿಗೆ ಬಂದಿದ್ದ ಓಟಿಪಿಯ ಅವಧಿ ತೀರಿ, ಪರದೆ ಮೊದಲ ಪುಟಕ್ಕೆ ಮರಳಿತು. ಹುಡುಗ ಮೂರು ಸಲ ಪ್ರಯತ್ನಿಸಿದ. ಮೂರನೆಯ ಸಲ ಅಜ್ಜಿಯನ್ನು ಕೇಳುವುದನ್ನು ಬಿಟ್ಟು ತನಗೆ ತೋಚಿದ್ದನ್ನು ಬರೆದು ಕಳುಹಿಸಿದ.

ಈ ಪ್ರಸಂಗದಲ್ಲಿ ಯಾರ ದುರುದ್ದೇಶವೂ ಇಲ್ಲ. ಓಟಿಪಿಗೆ ಕಾಲಮಿತಿ ಹಾಕಿದವರು ವಂಚನೆಯನ್ನು ತಡೆಯಲೆಂದೇ ಹಾಕಿದ್ದರು. ಆದರೆ ಅವರು ಎಣಿಸಿದ ಕಾಲ ಒಬ್ಬ ಓದುಗನು ಒಂದು ಭಾಷೆಯಲ್ಲಿ ಓದಿ ಉತ್ತರಿಸುವ ಕಾಲ. ಮೂರು ನುಡಿಗಳ ನಡುವೆ ನಡೆಯುವ ಅನುವಾದದ ಕಾಲವನ್ನಾಗಲಿ ಘಟನೆಗಳ ಮೂಲಕ ವರ್ಷವನ್ನು ಕಂಡುಹಿಡಿಯುವ ಮೌಖಿಕ ಕಾಲಗಣನೆಯನ್ನಾಗಲಿ ಅವರು ಎಣಿಸಿರಲಿಲ್ಲ. ಪರಿಣಾಮವಾಗಿ ಅಜ್ಜಿಯ ಹೆಸರಿನಲ್ಲಿ ಅಜ್ಜಿ ಹೇಳದ ಮಾತು ದಾಖಲಾಯಿತು. ನಾಳೆ ಆ ದಾಖಲೆ ತಪ್ಪೆಂದು ಅರ್ಜಿ ತಿರಸ್ಕೃತವಾದರೆ ಹೊಣೆ ಹೊರುವವಳು ಅವಳೇ.

ಸಾರಥಿಯ ಅಗತ್ಯವನ್ನು ಸರ್ಕಾರವೂ ಒಂದು ಸಂದರ್ಭದಲ್ಲಿ ಅಧಿಕೃತವಾಗಿಯೇ ಒಪ್ಪಿಕೊಂಡಿದೆ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯ ವಿವರವನ್ನು ಛಾಯಾಚಿತ್ರ ಸಮೇತ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ರಾಜ್ಯದಲ್ಲಿ ಬಳಕೆಗೆ ಬಂದಿತು. ರೈತರಿಗೆ ಸಾಧ್ಯವಾಗದ ಕಡೆ 'ಖಾಸಗಿ ನಿವಾಸಿ'ಗಳೆಂಬ ಹೆಸರಿನಲ್ಲಿ ಗ್ರಾಮದ ಯುವಕರು ಆ ಕೆಲಸವನ್ನು ನಿರ್ವಹಿಸಿದರು. ದೊಡ್ಡಾಟದ ಸಾರಥಿಯಂತೆ ಇವರೂ ಊರಿನವರೇ. ಹೊಲದ ಗುರುತು ಬಲ್ಲವರು. ಊರಿನ ಮಾತಿನಲ್ಲಿ ಕೇಳಿ ಪರದೆಯ ಮಾತಿನಲ್ಲಿ ಬರೆಯಬಲ್ಲವರು. ಆಡಳಿತ ವ್ಯವಸ್ಥೆಯಲ್ಲಿ ಸಾರಥಿಗೆ ಹೀಗೆ ಒಂದು ಸ್ಥಾನ ದೊರೆಯಿತು. ಎಲ್ಲ ಆ್ಯಪ್‌ಗಳ ಮುಖವಿನ್ಯಾಸದಲ್ಲಿಯೂ ಅವನಿಗೆ ಸ್ಥಾನ ಕಲ್ಪಿಸುವ ಕೆಲಸ ಉಳಿದಿದೆ.

ಸಾರಥಿಯನ್ನು ಆದರ್ಶೀಕರಿಸಬೇಕಾಗಿಲ್ಲ. ಪರರ ಓಟಿಪಿ, ಬ್ಯಾಂಕಿನ ವಿವರ, ಹೆಬ್ಬೆಟ್ಟಿನ ಗುರುತು ಇವನ ಕೈಯಲ್ಲಿರುತ್ತವೆ. ನಂಬಿಕೆ ಕೆಟ್ಟರೆ ಕೇಳುವವರಿಲ್ಲ. ಬಯಲಾಟದ ಸಾರಥಿ ತಪ್ಪು ಹೇಳಿದರೆ ಸಭೆ ಕೂಗಿ ತಿದ್ದುತ್ತದೆ. ಅವನ ಕೆಲಸ ನಡೆಯುವುದು ಬಯಲಿನಲ್ಲಿ. ಫೋನಿನ ಸಾರಥಿಯ ಕೆಲಸ ನಡೆಯುವುದು ಅಂಗೈಯ ಮರೆಯಲ್ಲಿ. ಪರದೆಗೆ ಅವನಿರುವುದೇ ತಿಳಿಯದ ಕಾರಣ ಅವನಿಗೆ ನೆರವೂ ಇಲ್ಲ, ಅವನ ಮೇಲೆ ಅಂಕೆಯೂ ಇಲ್ಲ.

8. ಕೆಲವು ಸೂಚನೆಗಳು

ವಿಮರ್ಶೆಯು ದೋಷದರ್ಶನದಲ್ಲಿಯೇ ನಿಲ್ಲಬಾರದು. ಆನ್ವಯಿಕ ಜಾನಪದದ ನೆಲೆಯಿಂದ ಕೆಲವು ಸೂಚನೆಗಳನ್ನು ಮುಂದಿಡಬಹುದು.

ಭೂಮಿ ಯೋಜನೆಯ ಎರಡನೆಯ ಪರದೆಯ ತತ್ತ್ವವನ್ನು ಮೊಬೈಲಿಗೂ ತರಬೇಕು. ತುಂಬುವವನು ಬೇರೆ, ಬಾಧ್ಯಸ್ಥನು ಬೇರೆ ಎಂಬುದನ್ನು ಆ್ಯಪ್ ಆರಂಭದಲ್ಲಿಯೇ ಕೇಳಿ ದಾಖಲಿಸಿಕೊಳ್ಳಬೇಕು. ಕಳುಹಿಸುವ ಮುನ್ನ ತುಂಬಿದ ವಿವರವನ್ನು ಬಾಧ್ಯಸ್ಥನಿಗೆ ಅವನ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಕೇಳಿಸಬೇಕು. ದಸ್ತಾವೇಜನ್ನು ಬರೆದ ಮೇಲೆ ಬರೆಸಿದವನಿಗೆ ಓದಿ ಹೇಳಿ, ಓದಿ ಹೇಳಲಾಯಿತೆಂದು ಷರಾ ಬರೆದು ಹೆಬ್ಬೆಟ್ಟು ಒತ್ತಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಕಾಗದ ಪಾಲಿಸುತ್ತಿದ್ದ ಈ ಮರ್ಯಾದೆಯನ್ನು ಫೋನು ಪಾಲಿಸಲಾಗದೆಂದು ಹೇಳಲು ಕಾರಣವಿಲ್ಲ. 2022ರಲ್ಲಿ ಆರಂಭವಾದ ಕೇಂದ್ರದ 'ಭಾಷಿಣಿ' ಯೋಜನೆಯು ಧ್ವನಿ ಮತ್ತು ಅನುವಾದದ ಸೌಲಭ್ಯಗಳನ್ನು ಒದಗಿಸಲು ಹೊರಟಿರುವುದರಿಂದ ಇದು ಅಸಾಧ್ಯದ ಮಾತೂ ಅಲ್ಲ.

ಧ್ವನಿಯ ವಿಷಯದಲ್ಲಿ ಒಂದು ಎಚ್ಚರಿಕೆಯೂ ಬೇಕು. ಫ್ಲಟರಿನಂತಹ ಚೌಕಟ್ಟುಗಳು ಪರದೆಯ ಪ್ರತಿ ಅಂಶವನ್ನೂ ತಾವೇ ಚಿತ್ರಿಸುತ್ತವೆ. ಹಾಗೆ ಚಿತ್ರಿಸಿದುದನ್ನು ಓದಿ ಹೇಳುವ ಸಾಧನಗಳಿಗೆ ಅರ್ಥವಾಗುವ ಪ್ರತ್ಯೇಕ ವಿವರಣೆಯನ್ನೂ ಒದಗಿಸಬೇಕಾಗುತ್ತದೆ. ಫ್ಲಟರಿನ ಜಾಲತಾಣ ರೂಪದಲ್ಲಿ ಈ ವಿವರಣೆ ಮೂಲತಃ ನಿಷ್ಕ್ರಿಯವಾಗಿದ್ದು ಬೇಕೆಂದಾಗ ಮಾತ್ರ ಚಾಲನೆಗೊಳ್ಳುತ್ತದೆ. ನೋಟವೇ ಮೊದಲು, ಧ್ವನಿ ಅನಂತರ ಎಂಬ ಈ ಕ್ರಮ ಓದುಬಲ್ಲವರಿಗೆ ಒಗ್ಗಬಹುದು. ಶ್ರವಣಪ್ರಧಾನವಾದ ಸಂಸ್ಕೃತಿಗೆ ಅದು ತಲೆಕೆಳಗು.

ಇನ್ನು ನಮ್ಮ ಕ್ಷೇತ್ರದ ಹೊಣೆ. ಜಾನಪದ ಅಕಾಡೆಮಿಗಳು, ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ದಶಕಗಳಿಂದ ವೃತ್ತಿಪದ, ಕೃಷಿಪದ, ಉಪಭಾಷಾ ಕೋಶಗಳನ್ನು ಸಿದ್ಧಪಡಿಸಿವೆ. ಅವು ಗ್ರಂಥಾಲಯದ ಕಪಾಟುಗಳಲ್ಲಿವೆ. ಮಳೆ, ಅಳತೆ, ಬೆಳೆ, ಬಂಧುತ್ವ, ಕಚೇರಿ ವ್ಯವಹಾರಗಳ ಪ್ರಾದೇಶಿಕ ಪದಗಳನ್ನು ಸಂದರ್ಭಸಹಿತವಾಗಿ, ತಂತ್ರಾಂಶ ರಚಿಸುವವರು ಬಳಸಬಹುದಾದ ಕಡತಗಳ ರೂಪದಲ್ಲಿ ಮುಕ್ತವಾಗಿ ಒದಗಿಸಿದರೆ ಅದು ಸಂಗ್ರಹಕ್ಕೂ ಸಾರ್ಥಕ್ಯ. ರಚನಕಾರರು ನಮ್ಮನ್ನು ಕೇಳಲಿಲ್ಲವೆಂದು ದೂರುವ ಮೊದಲು, ಕೇಳಿದ್ದರೆ ಕೊಡಲು ನಮ್ಮಲ್ಲಿ ಸಿದ್ಧವಾಗಿ ಏನಿತ್ತು ಎಂಬುದನ್ನೂ ನಾವು ಯೋಚಿಸಬೇಕು.

9. ಉಪಸಂಹಾರ

ಹೊಸ ತಂತ್ರಗಳ ಅಳವಡಿಕೆ ಜನಪದಕ್ಕೆ ಅಪರಿಚಿತವಲ್ಲ. ಹಾರ್ಮೋನಿಯಂ ಬಯಲಾಟಕ್ಕೆ ಹೊರಗಿನಿಂದ ಬಂದದ್ದು. ಪೆಟ್ರೋಮ್ಯಾಕ್ಸ್ ಪಂಜಿನ ಸ್ಥಾನಕ್ಕೆ ಬಂದದ್ದು. ಆಟ ಅವುಗಳನ್ನು ಒಪ್ಪಿಕೊಂಡಿತು. ಆದರೆ ಸಾರಥಿಯನ್ನು ಬಿಡಲಿಲ್ಲ. ಬೆಳಕು ಎಷ್ಟೇ ಹೆಚ್ಚಿದರೂ ಬಂದ ಪಾತ್ರ ಯಾರೆಂದು ಕೇಳಿ ಹೇಳುವವನು ಬೇಕೆಂಬುದನ್ನು ಅದು ಅರಿತಿತ್ತು.

ಚೌಕಟ್ಟುಗಳು ಇನ್ನು ಮುಂದೆಯೂ ಬದಲಾಗುತ್ತವೆ; ಇಂದು ಹೊಸದಾಗಿರುವುದು ಹಳತಾಗುತ್ತದೆ. ಆದುದರಿಂದ ಈ ಲೇಖನದ ವಾದವು ಒಂದು ಚೌಕಟ್ಟಿನ ಪರವೋ ಇನ್ನೊಂದರ ವಿರೋಧವೋ ಅಲ್ಲ. ಯಾವ ತಂತ್ರವನ್ನು ಅಳವಡಿಸಿಕೊಂಡರೂ ಅದರ ಯಶಸ್ಸನ್ನು ಕಟ್ಟುವವನ ಕಾಲದಲ್ಲಿ ಮಾತ್ರವಲ್ಲದೆ ತಾಂಡಾದ ಆ ಅಜ್ಜಿಯ ಕಾಲದಲ್ಲಿಯೂ ಅಳೆಯಬೇಕೆಂಬುದಷ್ಟೇ ಅದರ ಆಶಯ. ಆಕೆ ಬರದಿಂದ, ಎತ್ತಿನಿಂದ, ಮದುವೆಯಿಂದ ಎಣಿಸಿಕೊಂಡು ತಂದ ವರ್ಷ ಸರಿಯಾಗಿಯೇ ಇತ್ತು. ಅದನ್ನು ಬರೆದುಕೊಳ್ಳುವವರೆಗೆ ಪರದೆ ಕಾಯಬೇಕಾಗಿತ್ತು.